ಗೋಡೆ ಬದಿ, ಸಮುದ್ರ ಬದಿ

ಸಿಟ್ಟು ಕಡಿಮೆಯಾಗುತ್ತಿದೆ ಎಂಬುದೇ ಆ ಭಾನುವಾರ ಬೆಳಿಗ್ಗೆ ಹೆಸ್ಟರ್ ಲೋವೆಲಳ ಚಿಂತೆಯಾಗಿತ್ತು. ಕನ್ನಡಿಯ ಮುಂದೆ ಬಾನೆಟ್ ಟೋಪಿಯ ದಾರ ಕಟ್ಟಿಕೊಳ್ಳುತ್ತ ತನ್ನನ್ನು ತಾನೇ ವಿಚಾರಿಸಿಕೊಂಡಳು. ಲೆಫ್ಟಿನೆಂಟ್ ಟ್ರೆವಿನ್ ಗರ್ವಿಷ್ಠ, ಅದರಲ್ಲಿ ಅನುಮಾನವಿಲ್ಲ. ಹಾಗಿದ್ದ ಮೇಲೆ ದಿನಾ ಹಾಕುವ ಬೂದು ಬಣ್ಣದ್ದನ್ನು ಬಿಟ್ಟು ನೀಲಿ ಬಾನೆಟ್ಟಿಗೆ ಕೈ ಹೋದದ್ದು ಏಕೆ? ಈ ಪ್ರಶ್ನೆಯನ್ನು ದಿನಚರಿಯಲ್ಲಿ ಬರೆಯಲೂ ಅವಳಿಗೆ ನಾಚಿಕೆಯಾಗಿತ್ತು.

ಫ್ರಾನ್ಸಿನ ಜೊತೆಗಿನ ಯುದ್ಧ ಮುಗಿದು, ನೌಕಾಪಡೆಯವರೆಲ್ಲ ಕೆಲಸವಿಲ್ಲದೆ ದಡಕ್ಕೆ ಬಿದ್ದಿದ್ದ ಕಾಲ. ಟ್ರೆವಿನ್ ಆ ಶರತ್ಕಾಲದಲ್ಲಿ ಪಕ್ಕದ ಮನೆಯ ಮಹಡಿಗೆ ಬಾಡಿಗೆಗೆ ಬಂದಿದ್ದ. ಡಾಕ್ಟರ ಮನೆಯ ಊಟದಲ್ಲಿ ಹೆಸ್ಟರಳನ್ನು ಅವನ ಪಕ್ಕದಲ್ಲೇ ಕೂರಿಸಿದ್ದರು. ಅಪರಿಚಿತರೊಡನೆ ಮಾತಾಡುವುದೆಂದರೆ ಅವಳಿಗೆ ತಣ್ಣೀರಿಗೆ ಇಳಿದ ಹಾಗೆ. ಸೂಪು ಮುಗಿಯುವ ತನಕ ಒಂದು ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿ ತೀಡಿ, ಮೀನು ಬಂದಾಗ ಧೈರ್ಯ ಮಾಡಿದ್ದಳು. "ದೂರದ ಸಮುದ್ರದಲ್ಲೂ ನಮ್ಮ ನಕ್ಷತ್ರಗಳೇ ಕಾಣ್ತವಾ, ಸರ್?" ಅವನು ಮೀನಿಗೆ ಉಪ್ಪು ಉದುರಿಸಿಕೊಂಡ. ಆಮೇಲೆ ಆಚೆ ಬದಿಗೆ ತಿರುಗಿ ಜಡ್ಜಿಯ ಹೆಂಡತಿಯ ಜೊತೆ ಆಲೂಗಡ್ಡೆ ಬೆಳೆಯ ಮಾತು ಶುರುಮಾಡಿದ. ಅವತ್ತು ಇಡೀ ಮೇಜು ತನ್ನನ್ನು ನೋಡಿ ನಕ್ಕಂತೆ ಅವಳಿಗೆ ಅನಿಸಿತ್ತು. ಯಾರೂ ನಕ್ಕಿರಲಿಲ್ಲ.

"ಅಕ್ಕಾ, ನಿನ್ನ ಮರ ಬಾಗಿಲಲ್ಲಿ ಕಾಯ್ತಾ ಇದೆ ಕಣೇ," ಎಂದು ಕೆಳಗಿನಿಂದ ತಂಗಿ ಬೆಟ್ಸಿ ಕೂಗಿದಳು.

ಲೆಫ್ಟಿನೆಂಟನಿಗೆ ಆ ಹೆಸರು ಇಟ್ಟವಳು ಅವಳೇ. ಊರಿಗೆ ಇದ್ದದ್ದು ಒಂದೇ ಬೀದಿ: ಒಂದು ಬದಿಗೆ ಮನೆಗಳ ಗೋಡೆ, ಇನ್ನೊಂದು ಬದಿಗೆ ಸಮುದ್ರ, ಪೂರ್ವದ ತುದಿಯಲ್ಲಿ ದಿಬ್ಬದ ಮೇಲೆ ಚರ್ಚು. ಪ್ರತಿ ಭಾನುವಾರ ಚಿಕ್ಕಮ್ಮ ಪ್ರೂಯೆಟ್ ಬೆಟ್ಸಿಯ ತೋಳು ಹಿಡಿದು ಮುಂದೆ ನಡೆಯುತ್ತಿದ್ದಳು. ಹಿಂದೆ ಹೆಸ್ಟರ್ ಮತ್ತು ಲೆಫ್ಟಿನೆಂಟ್. ಹೆಂಗಸನ್ನು ಗೋಡೆ ಬದಿಗೆ ಬಿಟ್ಟು ಗಂಡಸು ಸಮುದ್ರದ ಬದಿಗೆ ನಡೆಯಬೇಕು. ಗಾಳಿ, ನೀರಿನ ತುಂತುರು, ಗಾಡಿ ಎರಚುವ ಕೆಸರು ಎಲ್ಲ ಅವನ ಪಾಲಿಗೆ. ಅಷ್ಟನ್ನು ಅವನು ತಪ್ಪದೆ ಮಾಡುತ್ತಿದ್ದ. ಆದರೆ ಹೋಗುವಾಗ ತುಟಿ ಬಿಗಿದು, ಒಂದು ಮಾತಿಗೂ ಉತ್ತರವಿಲ್ಲದೆ ನಡೆಯುತ್ತಿದ್ದವನು, ಬರುವಾಗ ನಗುತ್ತ, ಕಥೆ ಹೇಳುತ್ತ ಬರುತ್ತಿದ್ದ.

"ಪಾದ್ರಿಗಳ ಪ್ರವಚನ ಕೇಳಿ ಮನುಷ್ಯ ಆಗ್ತಾನೆ, ಮನೆಗೆ ಹೋಗಿ ಮತ್ತೆ ಮರ ಆಗ್ತಾನೆ," ಎನ್ನುತ್ತಿದ್ದಳು ಬೆಟ್ಸಿ. ಹೆಸ್ಟರಳ ಲೆಕ್ಕ ಬೇರೆ. ಚರ್ಚು ಬಿಟ್ಟಾಗ ಊರೆಲ್ಲ ಬೀದಿಯಲ್ಲಿರುತ್ತದೆ. ಊರಿನ ಕಣ್ಣಿಗೆ ಈ ಸೌಜನ್ಯ. ಆದರೂ ಆ ಕಥೆಗಳಿಗೆ ಅವಳಿಗೆ ನಗು ಬರುತ್ತಿತ್ತು. ಗಾಳಿಯಿಲ್ಲದೆ ಹಡಗು ನಿಂತಲ್ಲೇ ನಿಂತಾಗ ಮುದುಕ ನಾವಿಕನೊಬ್ಬನಿಂದ ಕಾಲುಚೀಲ ಹೆಣೆಯುವುದನ್ನು ಕಲಿತನಂತೆ. "ಹಿಮ್ಮಡಿ ತಿರುಗಿಸೋದು ಮಾತ್ರ ಇವತ್ತಿಗೂ ಬರಲ್ಲ, ಮಿಸ್ ಲೋವೆಲ್. ನನ್ನ ಕಾಲುಚೀಲ ಎಲ್ಲ ನೆಟ್ಟಗೆ, ಕೊಳವೆ ಥರ." ಗರ್ವಿಷ್ಠರು ಕಾಲುಚೀಲ ಹೆಣೆಯುತ್ತಾರೆಯೇ? ಸಿಟ್ಟು ಕಡಿಮೆಯಾದದ್ದು ಬಹುಶಃ ಅಲ್ಲಿಂದಲೇ.

ಹಿಂದಿನ ದಿನದ ಬಿರುಗಾಳಿಗೆ ಬೀದಿಯ ನಡುವಿನ ಮನೆಯೊಂದರ ಕಲ್ಲುಹೆಂಚು ಸಡಿಲವಾಗಿ, ಗೋಡೆಗೆ ಏಣಿ ಒರಗಿಸಿದ್ದರು. ಆ ಭಾನುವಾರ ಚರ್ಚಿಗೆ ಹೋಗುತ್ತ ಅಲ್ಲಿಗೆ ಬಂದಾಗ ಟ್ರೆವಿನ್ ನಿಂತ.

"ಮೇಲಿಂದ ಏನಾದ್ರೂ ಬಿದ್ದೀತು. ನೀವು ಈ ಕಡೆ ಬನ್ನಿ," ಎಂದು ಅವಳನ್ನು ಸಮುದ್ರದ ಬದಿಗೆ ಕಳಿಸಿ ತಾನು ಗೋಡೆಯ ಬದಿಗೆ ಹೋದ. "ರಾತ್ರಿ ನಿದ್ದೆ ಬಂತಾ ನಿಮಗೆ?"

"ಕಿಟಕಿ ಬಡ್ಕೋತಾ ಇತ್ತು," ಎಂದಳು ಮೆಲ್ಲಗೆ.

"ನಂದೂ ಅಷ್ಟೇ! ಕೊನೆಗೆ ಒಂದು ಕಾಲುಚೀಲ ತುರುಕಿ ನಿಲ್ಲಿಸ್ದೆ. ಅದಕ್ಕಾದ್ರೂ ಬಂತಲ್ಲ."

ಅವಳು ನಕ್ಕಳು. ಏಣಿ ದಾಟಿದರು. ಅವನು ಮತ್ತೆ ಸಮುದ್ರದ ಬದಿಗೆ ಬಂದ. "ಯಾವ ಬಣ್ಣದ್ದು?" ಎಂದು ಕೇಳಿದಳು. ಉತ್ತರವಿಲ್ಲ. ತುಟಿ ಬಿಗಿದಿತ್ತು, ಕಣ್ಣು ದೂರದ ನೀರಿನ ಮೇಲಿತ್ತು. ಹೆಸ್ಟರ್ ಮನಸ್ಸಿನಲ್ಲೇ ಹೊಸದಾಗಿ ಲೆಕ್ಕ ಹಾಕಿದಳು. ಊರಿನ ಕಣ್ಣೂ ಅಲ್ಲ, ಪ್ರವಚನವೂ ಅಲ್ಲ. ಹೋಗುವಾಗ ತಾನು ಅವನ ಎಡಕ್ಕೆ, ಬರುವಾಗ ಬಲಕ್ಕೆ. ಡಾಕ್ಟರ ಮನೆಯ ಮೇಜಿನಲ್ಲೂ ಎಡಕ್ಕೇ.

ಮುಂದಿದ್ದವರಿಗೆ ಕೇಳಿಸದಂತೆ ಅವಳು ಹೇಳಿದಳು: "ನಿಮ್ಮ ಟೋಪಿ ಸತ್ತ ಬೆಕ್ಕಿನ ಥರ ಇದೆ, ಸರ್."

ಅವಳ ತುಟಿ ಅಲುಗಿದ್ದನ್ನು ಅವನು ಕಡೆಗಣ್ಣಿನಲ್ಲಿ ಕಂಡಿರಬೇಕು. "ಖಂಡಿತ, ಖಂಡಿತ," ಎಂದ ಗಂಭೀರವಾಗಿ.

ಫಿರಂಗಿಗಳ ಪಕ್ಕದಲ್ಲಿ ನಿಂತು ಕಳೆದ ವರ್ಷಗಳು ಅವನ ಎಡಗಿವಿಯನ್ನು ಕಸಿದುಕೊಂಡಿದ್ದವು. ಆ ಬಿಗಿದ ತುಟಿ ಗರ್ವವಲ್ಲ. ಮಾತು ಕಿವಿಗೆ ಬೀಳದೆ ಹೋದೀತೆಂಬ ಭಯ. ಕಿವಿ ಕೇಳದ ಅಧಿಕಾರಿಗೆ ಯಾರು ಹಡಗು ಕೊಡುತ್ತಾರೆ? ಅದಕ್ಕೇ ಮುಚ್ಚಿಟ್ಟಿದ್ದಾನೆ. ಚರ್ಚಿನಲ್ಲಿ ಅವಳು ಪ್ರಾರ್ಥನೆಯ ಪುಸ್ತಕ ಹಿಡಿದು, ಒಂದು ಸಾಲನ್ನೂ ಓದದೆ ಕೂತಿದ್ದಳು. ಬೆಟ್ಸಿಗೂ ಹೇಳಲಿಲ್ಲ.

ಆಮೇಲಿನ ಭಾನುವಾರಗಳಲ್ಲಿ ಹೆಸ್ಟರಳಿಗೆ ಹೊಸ ಚಾಳಿ ಹತ್ತಿತು. ಹೋಗುವಾಗ ಆ ಎಡಗಿವಿಗೆ ಮೆಲ್ಲಗೆ ಎಲ್ಲವನ್ನೂ ಹೇಳಿಬಿಡುತ್ತಿದ್ದಳು: ಚಿಕ್ಕಮ್ಮನ ಗೊರಕೆ, ಪಾದ್ರಿಗಳ ಪ್ರವಚನ ಬೇಜಾರೆನ್ನುವುದು, ನಾಲ್ಕು ಜನರ ನಡುವೆ ಬಾಯಿ ತೆರೆಯಬೇಕೆಂದರೆ ಅಂಗೈ ಬೆವರುವುದು, ಅವನ ನಗು ತನಗೆ ಇಷ್ಟವೆನ್ನುವುದು. ಅವನು "ಖಂಡಿತ" ಎನ್ನುತ್ತಿದ್ದ. ಮನೆಯಲ್ಲಿ ದಿನಚರಿಗೆ ಬರೆಯಲು ಏನೂ ಉಳಿಯುತ್ತಿರಲಿಲ್ಲ. ಬರುವಾಗ ಅದೇ ಹುಡುಗಿ, ಕೇಳುವ ಕಿವಿಯ ಪಕ್ಕದಲ್ಲಿ, "ಹೌದು", "ಇಲ್ಲ", "ಚಳಿ ಇದೆ" ಎಂಬಷ್ಟರಲ್ಲಿ ದಾರಿ ಮುಗಿಸುತ್ತಿದ್ದಳು.

"ಮೊದಲ ದಿನ ಡಾಕ್ಟರ ಮನೇಲಿ ನಿಮ್ಮನ್ನ ನೋಡಿ ಹೆದರಿದ್ದೆ," ಎಂದ ಅವನು ಒಮ್ಮೆ ಬರುವಾಗ. "ಊಟ ಮುಗಿಯೋವರೆಗೂ ಒಂದು ಮಾತಾಡಲಿಲ್ಲ ನೀವು. ಬಹಳ ಗರ್ವದವರು ಅಂದ್ಕೊಂಡೆ."

"ನಾನಾ?"

"ಈಗ ಹಾಗೆ ಅನಿಸಲ್ಲ. ಆದ್ರೆ ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತಾನೂ ಗೊತ್ತಾಗಲ್ಲ." ಮುಂದಿದ್ದವರು ಸ್ವಲ್ಪ ದೂರ ಹೋಗಲೆಂದು ಹೆಜ್ಜೆ ನಿಧಾನ ಮಾಡಿದ. "ರಷ್ಯಾಕ್ಕೆ ಹೋಗೋ ವ್ಯಾಪಾರದ ಹಡಗೊಂದರಲ್ಲಿ ಕೆಲಸ ಕೊಡ್ತೀವಿ ಅಂದಿದ್ದಾರೆ. ಹೋದ್ರೆ ವರ್ಷಗಟ್ಟಲೆ ಈ ಕಡೆ ಬರೋ ಹಾಗಿಲ್ಲ. ಇಲ್ಲಿ ಬಂದರಿನಲ್ಲೂ ಒಂದು ಜಾಗ ಖಾಲಿ ಇದೆ. ಆದ್ರೆ ಇಲ್ಲೇ ಇರೋದಕ್ಕೆ ಒಂದು ಕಾರಣ ಬೇಕಲ್ಲ, ಮಿಸ್ ಲೋವೆಲ್?"

ಅವನು ಕಾದ. ಚಿಕ್ಕಮ್ಮನ ಮನೆಯ ಬಾಗಿಲು ಹತ್ತಿರವಾಗುತ್ತಿತ್ತು. ಹೆಸ್ಟರ್ ಬಾನೆಟ್ಟಿನ ದಾರ ಬಿಗಿದುಕೊಂಡಳು.

"ರಷ್ಯಾದಲ್ಲಿ ಚಳಿ ಜಾಸ್ತಿ," ಎಂದಳು.

"ಹೌದು," ಎಂದ ಅವನು. "ಜಾಸ್ತಿ."

ಮುಂದಿನ ಭಾನುವಾರ ಅವನ ಪೆಟ್ಟಿಗೆ ಬೆಳಿಗ್ಗೆಯೇ ಕೈಗಾಡಿಯಲ್ಲಿ ಹೋಯಿತು. ಚರ್ಚಿನ ದಿಬ್ಬದ ಕೆಳಗೆ ಕುದುರೆಗಾಡಿ ನಿಲ್ಲುತ್ತದೆ. ಅಲ್ಲಿಯವರೆಗೆ ಎಂದಿನಂತೆ ಜೊತೆಗೆ ನಡೆಯುವುದಾಗಿ ಅವನು ಚಿಕ್ಕಮ್ಮನಿಗೆ ಹೇಳಿದ್ದ.

"ಬಂದರಿನ ಕೆಲಸಕ್ಕೆ ಇನ್ನೂ ಯಾರನ್ನೂ ತಗೊಂಡಿಲ್ವಂತೆ, ಪಾಪ," ಎಂದಳು ಚಿಕ್ಕಮ್ಮ, ಪ್ರಾರ್ಥನೆಯ ಪುಸ್ತಕ ಹುಡುಕುತ್ತ. "ಈ ಗಂಡಸರಿಗೆ ಯಾವಾಗಲೂ ದೂರದ ಊರೇ ಆಗಬೇಕು."

"ಮರಕ್ಕೂ ಕಾಲು ಬಂತಲ್ಲ," ಎನ್ನುತ್ತ ಬೆಟ್ಸಿ ಅಕ್ಕನ ಮುಖ ನೋಡಿದಳು. ಅಕ್ಕನ ಕೈ ಒಮ್ಮೆ ಒತ್ತಿ, ಚಿಕ್ಕಮ್ಮನನ್ನು ಕರೆದುಕೊಂಡು ಬೇಗ ಬೇಗ ಮುಂದೆ ಹೋದಳು.

ಅವತ್ತು ಅವನ ಜೊತೆ ವಾಪಸು ಬರುವ ದಾರಿ ಇರಲಿಲ್ಲ.

ಹೆಸ್ಟರ್ ಅವನ ತೋಳು ಹಿಡಿದು ಗೋಡೆಯ ಬದಿಗೆ ನಡೆದಳು. ಸಮುದ್ರ ಉಬ್ಬಿತ್ತು. ಒಂದೊಂದು ಅಲೆಯೂ ಕಟ್ಟೆಗೆ ಬಡಿದು ಅವನ ಬಲ ಭುಜವನ್ನು ನೆನೆಸುತ್ತಿತ್ತು. "ಹೋಗಬೇಡಿ," ಎಂದಳು ಎಡಗಿವಿಗೆ. "ಇಲ್ಲಿ ಇರೋದಕ್ಕೆ ಕಾರಣ ಇದೆ. ಅವತ್ತೇ ಹೇಳಬೇಕಿತ್ತು. ನನ್ನಿಂದ ಆಗಲಿಲ್ಲ." ಎಷ್ಟು ಸಲೀಸಾಗಿ ಬರುತ್ತಿತ್ತು ಮಾತು! ಎಲ್ಲವನ್ನೂ ಹೇಳಿದಳು. ಅವನು ನೇರವಾಗಿ ನೋಡುತ್ತ ನಡೆಯುತ್ತಿದ್ದ.

"ಮಳೆ ಬರೋ ಹಾಗಿದೆ," ಎಂದ.

ದಿಬ್ಬದ ತಿರುವಿನಲ್ಲಿ ಗಾಡಿಯ ಕುದುರೆಗಳು ಕಂಡವು.

ಹೆಸ್ಟರ್ ಅವನ ತೋಳು ಬಿಟ್ಟಳು. ಅವನ ಬೆನ್ನ ಹಿಂದಿನಿಂದ ಸುತ್ತಿ ಸಮುದ್ರದ ಬದಿಗೆ ಬಂದು ನಿಂತಳು. ಅಲೆಯೊಂದು ಕಟ್ಟೆ ಹತ್ತಿ ಅವಳ ಕೆನ್ನೆಗೂ ಲಂಗಕ್ಕೂ ಎರಚಿತು.

"ಮಿಸ್ ಲೋವೆಲ್, ನೀವು ಆ ಕಡೆ ಹೋಗಿ. ಇಲ್ಲಿ ನೆನೀತೀರಿ."

"ಗೊತ್ತು. ಆ ಕಡೆಯಿಂದ ನಿಮಗೆ ಕೇಳ್ಸಲ್ಲ."

ಅವನ ಎಡಗೈ ತಾನಾಗಿ ಕಿವಿಯ ಕಡೆಗೆ ಎದ್ದು, ಅರ್ಧದಲ್ಲಿ ನಿಂತಿತು. ಮುಖದಲ್ಲಿ ಬಣ್ಣವೇ ಇರಲಿಲ್ಲ. "ಯಾವತ್ತಿಂದ ಗೊತ್ತು?"

"ಯಾರಿಗೂ ಹೇಳಿಲ್ಲ," ಎಂದಳು.

"ಹೆಸ್ಟರ್!" ಮುಂದಿನಿಂದ ಚಿಕ್ಕಮ್ಮ ಕೂಗಿದಳು. "ಏನೇ ಅದು? ಗೋಡೆ ಬದಿಗೆ ಬಾರೇ!" ಚರ್ಚಿಗೆ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ನಿಂತು ತಿರುಗಿದರು. ಡಾಕ್ಟರೂ ಅವರ ಹೆಂಡತಿಯೂ ನಿಂತರು. ಹೆಸ್ಟರಳ ಅಂಗೈ ಬೆವರಿತು. ಅಲೆ ಹಿಂದಕ್ಕೆ ಸರಿಯಿತು, ಅದರ ಹಿಂದೆ ಉರುಳಿದ ನುಣ್ಣನೆಯ ಕಲ್ಲುಗಳ ಸದ್ದೂ ಅಡಗಿತು.

"ನೀವು ಹೋಗೋದು ನನಗೆ ಬೇಡ," ಎಂದಳು ಹೆಸ್ಟರ್, ಚಿಕ್ಕಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ.