ಉಡಿ ತುಂಬಿದ ತಪ್ಪಿಗೆ

ನಾಸಿಕದ ಹೆಣ್ಣುಮಕ್ಕಳ ಖೋಖೋ ತಂಡದ ನಾಯಕಿ ನಿರುಪಮಾ ಲಂಚ ತಿಂದು ಫೈನಲ್ ಸೋತಳೆಂದು ಊರೆಲ್ಲ ಗುಲ್ಲಾಯಿತು. ಲಂಚವೆಂದರೆ ಏನು? ಒಂದು ಹಸಿರು ಕುಪ್ಪಸದ ಖಣ, ಒಂದು ತೆಂಗಿನಕಾಯಿ, ಒಂದು ಹಿಡಿ ಅಕ್ಕಿ. ಇಷ್ಟಕ್ಕೆ ಯಾರಾದರೂ ತಮ್ಮನ್ನು ಮಾರಿಕೊಳ್ಳುತ್ತಾರೆಯೇ ಎಂದು ಕೇಳುವ ವಿವೇಕ ಒಬ್ಬರಿಗೂ ಇರಲಿಲ್ಲ.

ಅದು ೧೯೮೮. ಪಂದ್ಯಾವಳಿ ಔರಂಗಾಬಾದಿನಲ್ಲಿತ್ತು. ಫೈನಲಿನ ಹಿಂದಿನ ಸಂಜೆ ನಿರುಪಮಾ ಅಲ್ಲೇ ಇದ್ದ ಸೋದರತ್ತೆ ರಾಧಾಬಾಯಿಯ ಮನೆಗೆ ಹೋಗಿದ್ದಳು. ರಾಧಾಬಾಯಿಯ ಗಂಡ ಬಿಂದುಮಾಧವ ಎದುರಾಳಿ ತಂಡದ ಮ್ಯಾನೇಜರು. ವಿಜಾಪುರದ ಕಡೆಯ ಮನೆತನ. ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಿದರೆ ಅವರಿಗೆ ಅನ್ನ ಇಳಿಯದು. ಅತ್ತೆ ಉಡಿ ತುಂಬಿದಳು. ನಿರುಪಮಾ ಕಾಲಿಗೆ ಬಿದ್ದು, ಖಣ-ಕಾಯಿ ಹಿಡಿದು ತಂಡ ಇಳಿದುಕೊಂಡಿದ್ದ ಶಾಲೆಗೆ ಮರಳಿದಳು. ಮಾರನೆಯ ದಿನ ತಿರುವಿನಲ್ಲಿ ಕಾಲು ಜಾರಿ ಬೇಗನೇ ಔಟಾದಳು, ನಾಸಿಕ ಸೋತಿತು. ನಾಯಕಿಯ ಪಟ್ಟದ ಮೇಲೆ ಮೊದಲಿನಿಂದಲೂ ಕಣ್ಣಿಟ್ಟಿದ್ದ ಅಲಕಾ ಎಂಬ ಆಟಗಾರ್ತಿ ಖಣದ ಸುದ್ದಿಯನ್ನು ಖೋಖೋ ಸಂಘಕ್ಕೆ ಮುಟ್ಟಿಸಿದಳು.

ನಿರುಪಮಾಳಿಗೆ ಆಟಗಾರರ ಕೋಟಾದಲ್ಲಿ ರೈಲ್ವೆ ನೌಕರಿ ಹೆಚ್ಚುಕಡಿಮೆ ಗಟ್ಟಿಯಾಗಿತ್ತು, ಅದೂ ಹತ್ತಿರದ ಇಗತಪುರಿಯಲ್ಲೇ. ಸಂಘದ ಶಿಸ್ತು ಸಮಿತಿ ಕಳಂಕ ಹಚ್ಚಿದರೆ ಅದು ಕೈಬಿಟ್ಟಂತೆಯೇ.

ತಂದೆ ನರಹರಿ ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕಿನ ಮನುಷ್ಯ. ವಿಚಾರಣೆಗಳ ನಾಡಿಮಿಡಿತ ತನಗೆ ಗೊತ್ತೆಂಬ ಜಂಬ ಬೇರೆ. ಬ್ಯಾಂಕಿನಲ್ಲಿ ಮೇಲಿನವರ ಎದುರು ವಾದಿಸಿದವನು ಕೆಡುತ್ತಾನೆ, ಕೈಮುಗಿದವನು ಒಂದು ಬೈಗುಳ ತಿಂದು ಬಚಾವಾಗುತ್ತಾನೆ. ಇಪ್ಪತ್ತು ವರ್ಷ ಅವರು ಬಾಳಿದ್ದೇ ಹೀಗೆ. ವಿಚಾರಣೆಗೆಂದು ಹತ್ತಿದ ಔರಂಗಾಬಾದಿನ ಬಸ್ಸಿನಲ್ಲಿ ಮಗಳ ತಲೆಗೂ ಅದನ್ನೇ ತುಂಬಿದರು.

"ತಪ್ಪಾತರಿ ಅಂದುಬಿಡು. ವಾರ್ನಿಂಗ್ ಕೊಟ್ಟು ಬಿಡತಾರ."

"ನಾ ತಪ್ಪ ಮಾಡೇ ಇಲ್ಲಲ್ಲ, ಅಪ್ಪಾ."

"ಮಾಡಿಲ್ಲಂದ್ರೂ ಅನ್ನಬೇಕಾಗತದವಾ, ದೊಡ್ಡವರ ಮುಂದ."

ಸಮಿತಿಯಲ್ಲಿ ಮೂವರು ಗಂಡಸರು. ಮೂವರ ಹೆಂಡಂದಿರೂ ಮದುವೆ-ಮುಂಜಿಗಳಲ್ಲಿ ಸೆರಗೊಡ್ಡಿ ಉಡಿ ತುಂಬಿಸಿಕೊಂಡವರೇ. ಮರಾಠಿಯಲ್ಲಿ ಅದಕ್ಕೆ ಓಟಿ ಎನ್ನುತ್ತಾರೆ, ಅಷ್ಟೇ. ಆದರೂ ಅಧ್ಯಕ್ಷರು ಖಣವೆಂಬುದನ್ನು ಜನ್ಮದಲ್ಲಿ ಕಾಣದವರಂತೆ, ಎದುರು ತಂಡದವರ ಮನೆಯಿಂದ ಈ ವಸ್ತು ಪಡೆದದ್ದು ನಿಜವೇ ಎಂದು ಕೇಳಿದರು. ಸಾಕ್ಷಿಗೆಂದು ಬಂದ ಬಿಂದುಮಾಧವ ಗೋಡೆಯ ಪಕ್ಕದ ಕುರ್ಚಿಯಲ್ಲಿ ತನ್ನ ಬೂಟು ನೋಡುತ್ತ ಕುಳಿತಿದ್ದ. ನಿರುಪಮಾಳಿಗೆ ಮೈಯೆಲ್ಲ ಉರಿಯಿತು. ಇದು ನಮ್ಮ ಪದ್ಧತಿ, ನಿಮ್ಮದೂ ಹೌದಲ್ಲವೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಗಿಲಲ್ಲಿ ನಿಂತ ಅಪ್ಪ 'ಅನ್ನು, ಅನ್ನು' ಎಂಬಂತೆ ತಲೆಯಾಡಿಸಿದರು.

"ಚೂಕ್ ಝಾಲೀ," ಎಂದಳು, ಮರಾಠಿಯಲ್ಲಿ. ತಪ್ಪಾಯಿತು.

ಅಷ್ಟೇ ಸಾಕಾಯಿತು. ಅಧ್ಯಕ್ಷರು ಮುಂದೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾಲ್ಕು ವರ್ಷ ಆಡುವಂತಿಲ್ಲ ಎಂದು ತೀರ್ಪಾಯಿತು. ಅಲಕಾ ನಾಯಕಿಯಾದಳು, ಇಗತಪುರಿಯ ನೌಕರಿಯೂ ಅವಳದಾಯಿತು.

ಮರುವರ್ಷ ಗೋದಾವರಿ ಸ್ನಾನದ ನೆಪದಲ್ಲಿ ರಾಧಾಬಾಯಿ ನಾಸಿಕದ ಪಂಚವಟಿಯಲ್ಲಿದ್ದ ಅಣ್ಣನ ಮನೆಗೆ ಬಂದಳು. ಊಟವಾಯಿತು, ಎಲೆಯಡಿಕೆಯಾಯಿತು. ಗಂಡ ಈಗ ರಾಜ್ಯ ತಂಡದ ಮ್ಯಾನೇಜರು ಎಂಬುದನ್ನು ಎರಡೆರಡು ಸಲ ಹೇಳಿಯೂ ಆಯಿತು. ಹೊರಡುವಾಗ ನಿರುಪಮಾಳ ಗಲ್ಲ ಸವರಿದಳು.

"ನಿನ್ನ ಪರವಾಗಿ ಮಾತಾಡಬೇಕಂತನ ನಮ್ಮವರು ಹೋಗಿದ್ರವಾ. ನೀನ ತಪ್ಪಾತು ಅಂದ ಮ್ಯಾಲೆ ಅವರರೆ ಏನ್ ಮಾಡಬೇಕು?"

ನಿಜವೋ, ನುಣುಚಿಕೊಳ್ಳುವ ಮಾತೋ, ದೇವರೇ ಬಲ್ಲ. ನರಹರಿಯ ಮುಖ ಮಾತ್ರ ಕಪ್ಪಿಟ್ಟಿತು. ಅಷ್ಟರಲ್ಲಿ ತಾಯಿ ಒಳಗಿನಿಂದ ಖಣ, ಕಾಯಿ, ಅಕ್ಕಿಯ ತಟ್ಟೆ ತಂದಳು. ರಾಧಾಬಾಯಿ ಸೆರಗೊಡ್ಡಿ ನಿಂತಳು. ನಿರುಪಮಾ ತಾಯಿಯ ಕೈಯಿಂದ ತಟ್ಟೆ ತೆಗೆದುಕೊಂಡು ಪಕ್ಕದ ಮೇಜಿನ ಮೇಲಿಟ್ಟಳು.

"ಬ್ಯಾಡ ಅವ್ವಾ. ಯಾರರೆ ನೋಡಿದ್ರ ಅತ್ತಿ ಲಂಚ ತಗೊಂಡ್ಳು ಅಂತಾರ."

ನರಹರಿಯ ಎರಡೂ ಕೈಗಳು ರೂಢಿಯಂತೆ ತಂಗಿಯ ಕಡೆ ಮುಗಿಯಲು ಮೇಲೆದ್ದವು. ಮಗಳು ತಿರುಗಿ ಅವರನ್ನೇ ನೋಡಿದಳು. ಕೈಗಳು ಕೆಳಗಿಳಿದವು. ರಾಧಾಬಾಯಿ ಬರಿದೇ ಉಳಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಹೋದಳು.