ಚಿಪ್ ಕಂಡಿಗೆ ಅಂಟಿಸಿದ ಟೇಪು

ಕಾರ್ಡ್ ಯಂತ್ರದ ಕೆಳಗಿನ ಕಂಡಿಗೆ ಅಂಟಿಸಿದ್ದ ನೀಲಿ ಟೇಪಿನ ಮೇಲೆ ‘ಚಿಪ್ ಇಲ್ಲ, ಉಜ್ಜಿ’ ಎಂದು ಬರೆದಿತ್ತು. ಎರಡು ದುಬಾರಿ ಗಿಟಾರ್ ಆರಿಸಿ ತಂದಿದ್ದ ಯುವಕ ಅದನ್ನು ಓದಿ, ನಿರಾಳವಾಗಿ ಕಾರ್ಡು ಚಾಚಿದ. ಆ ನಿರಾಳವೇ ಲೊರೇನ್ ಹ್ರುಬಿಕ್‌ಗೆ ಹಿಡಿಸಲಿಲ್ಲ.

ಕಾರ್ಡಿನಲ್ಲಿ ಚಿಪ್ ಹೊಳೆಯುತ್ತಿತ್ತು. ಅಮೆರಿಕದ ಯಂಗ್ಸ್‌ಟೌನ್‌ನ ಅವಳ ಈ ವಾದ್ಯದಂಗಡಿಯಲ್ಲಿ ಹಿಂದೆ ಇಂಥದೇ ಕಾರ್ಡು ಉಜ್ಜಿ ಒಂದು ಆಂಪ್ಲಿಫೈಯರ್ ಮಾರಿದ್ದರು. ಅದು ನಕಲಿ ಕಾರ್ಡು. ಮೊದಲಾಗಿದ್ದರೆ ನಷ್ಟ ಕಾರ್ಡು ಕೊಟ್ಟ ಬ್ಯಾಂಕಿನದು. 2015ರ ಅಕ್ಟೋಬರಿನಿಂದ ನಿಯಮ ಬದಲಾಗಿತ್ತು: ಚಿಪ್ ಕಾರ್ಡಿನ ನಕಲನ್ನು ಚಿಪ್ ಓದದ ಯಂತ್ರದಲ್ಲಿ ಉಜ್ಜಿಸಿಕೊಂಡ ಅಂಗಡಿಯೇ ನಷ್ಟ ಹೊರಬೇಕು. ಬ್ಯಾಂಕು ಹಣ ವಾಪಸ್ ಎಳೆದುಕೊಂಡಿತು. ಅಂಥ ಇನ್ನೊಂದು ಪೆಟ್ಟು ಬಿದ್ದರೆ ಜನವರಿಯ ಬಾಡಿಗೆ ಕಟ್ಟಲಾಗದೆ ಅಂಗಡಿ ಮುಚ್ಚಬೇಕಿತ್ತು.

ಚಿಪ್ ಓದಲು ಯಂತ್ರಕ್ಕೆ ಕಾರ್ಡ್ ಕಂಪನಿಯ ಅನುಮತಿ ಬಂದಾಗಿತ್ತು, ಚಾಲೂ ಮಾಡಿರಲಿಲ್ಲ ಅಷ್ಟೆ. ಚಿಪ್ ನಿಧಾನ, ಸಾಲು ಬೆಳೆದರೆ ಗಿರಾಕಿ ಎದ್ದುಹೋಗುತ್ತಾರೆ, ಕ್ರಿಸ್‌ಮಸ್ ಕಳೆಯಲಿ ಎಂದು ಮೈದುನ ಗಸ್ ಟೇಪು ಹಚ್ಚಿದ್ದ. ಬೀದಿಯ ಅರ್ಧ ಅಂಗಡಿಗಳದೂ ಇದೇ ಕಥೆ.

ಲೊರೇನ್ ಟೇಪು ಕಿತ್ತಳು.

“ಈಗ್ಲೇನಾ?” ಗಸ್ ಹಲ್ಲು ಕಚ್ಚಿದ. “ಸಾಲು ನೋಡು!”

“ಟೇಪ್ ಅಂಟಿಸೋಕೆ ಪುರುಸೊತ್ತಿತ್ತಲ್ಲ ನಿಂಗೆ. ಬಾಯ್ಮುಚ್ಕೊಂಡು ಚಾಲೂ ಮಾಡು.”

ಯಂತ್ರದ ಪರದೆ ಕಪ್ಪಾಯಿತು. ಯುವಕ ಬಾಗಿಲ ಕಡೆ ನೋಡಿದ. “ಮೇಡಂ, ಉಜ್ಜಿದ್ರೆ ಇಷ್ಟೊತ್ತಿಗೆ ಮನೇಲಿರ್ತಿದ್ದೆ. ಹೊರಗೆ ಕಾರು ಆಫ್ ಮಾಡಿಲ್ಲ.”

“ನನ್ನ ಮಂಡಿ ಯಾವಾಗ್ಲೋ ಆಫ್ ಆಗಿದೆ ಮಗಾ,” ಸಾಲಿನಲ್ಲಿ ಅವನ ಹಿಂದೆ ಗಿಟಾರ್ ತಂತಿಯ ಪೊಟ್ಟಣ ಹಿಡಿದು ನಿಂತಿದ್ದ ಮುದುಕಿ ಅಂದಳು. “ಸುಮ್ನೆ ನಿಂತ್ಕೊ.”

ಪರದೆ ಬೆಳಗಿತು. ಲೊರೇನ್ ಕಾರ್ಡನ್ನು ಕಂಡಿಗೆ ತೂರಿಸಿದಳು. ಓದಲಾಗಲಿಲ್ಲ. ಮತ್ತೆ ತೂರಿಸಿದಳು. ಇಲ್ಲ. ಕೊನೆಗೆ ಯಂತ್ರವೇ ಉಜ್ಜಲು ಹೇಳಿತು. ಉಜ್ಜಿದಳು. ಬ್ಯಾಂಕು ಒಪ್ಪಿತು, ರಸೀದಿ ಹೊರಬಂತು.

ಗಸ್ ಅವಳ ಕಿವಿಗೆ ಬಾಗಿದ. “ಗೆದ್ವಿ! ಚಿಪ್ ಓದೋಕೆ ನೋಡಿದ್ವಿ, ಆಗ್ಲಿಲ್ಲ, ಬ್ಯಾಂಕ್ ಹೂಂ ಅಂತು. ಈಗ ಏನೇ ಆದ್ರೂ ಅವ್ರ ತಲೆ ಮೇಲೆ. ಬಾಡಿಗೆ ಹುಟ್ತು ಅಂದ್ಕೊ.”

ಲೊರೇನ್ ರಸೀದಿಯನ್ನು ಕಾರ್ಡಿನ ಪಕ್ಕಕ್ಕೆ ಹಿಡಿದಳು. ಕಾರ್ಡಿನ ಮೇಲಿದ್ದ ಕೊನೆಯ ನಾಲ್ಕು ಅಂಕಿಗಳು ಬೇರೆ, ರಸೀದಿಯಲ್ಲಿದ್ದವು ಬೇರೆ. ಹಿಂಬದಿಯ ಕಪ್ಪು ಪಟ್ಟಿಯಲ್ಲಿ ಯಾರದೋ ಖಾತೆ ಕೂತಿತ್ತು. ಗಸ್ ಕೂಡ ನೋಡಿದ. ನೋಡಿ ಬೇರೆ ಕಡೆ ಮುಖ ತಿರುಗಿಸಿದ.

ಯುವಕ ಗಿಟಾರಿನ ಪೆಟ್ಟಿಗೆಗೆ ಕೈಹಾಕಿದ. ಲೊರೇನ್ ಅದರ ಮೇಲೆ ಅಂಗೈ ಊರಿದಳು.

“ಡ್ರೈವಿಂಗ್ ಲೈಸೆನ್ಸ್ ತೋರಿಸಿ, ಸರ್.”

“ಕಾರಲ್ಲಿದೆ. ತರ್ತೀನಿ.”

ಕಾರು ಹೊರಟ ಸದ್ದು ಎಲ್ಲರಿಗೂ ಕೇಳಿಸಿತು. ಕಾರ್ಡು ಅವಳ ಕೈಯಲ್ಲೇ ಉಳಿದಿತ್ತು. ಅವಳು ಆ ಮಾರಾಟವನ್ನು ರದ್ದು ಮಾಡಿದಳು.

“ಬ್ಯಾಂಕಿನ ದುಡ್ಡಿಗೆ ನೀನ್ಯಾಕೆ ಕಾವಲು?” ಗಸ್‌ನ ದನಿ ಏರಿತು. “ಜನವರೀಲಿ ಏನ್ಮಾಡ್ತೀಯ?”

“ಗೊತ್ತಿಲ್ಲ. ಆದ್ರೆ ಗಿಟಾರ್ ಎತ್ತಿ ಕೊಡೋ ಕೈ ಬ್ಯಾಂಕಿಂದಲ್ಲ, ನಂದು.”

ಮುದುಕಿ ತಂತಿಯ ಪೊಟ್ಟಣವನ್ನು ಕೌಂಟರಿನ ಮೇಲೆ ಹಾಕಿದಳು. “ನನ್ನ ಕಾರ್ಡ್ ಏನ್ಮಾಡ್ಲಿ? ಮೇಲೆ ಉಜ್ಲಾ, ಕೆಳಗೆ ತುರುಕ್ಲಾ?”

“ಕೆಳಗೆ ಅಜ್ಜಿ,” ಅಂದ ಗಸ್. ಕಂಡಿಯ ಅಂಚಿಗೆ ಉಳಿದಿದ್ದ ಅಂಟನ್ನು ಉಗುರಿನಿಂದ ಕೆರೆಯುತ್ತ, “ಸ್ವಲ್ಪ ಹೊತ್ತು ಹಿಡಿಯುತ್ತೆ.”