ಚೂಪು ತಳದ ದೋಣಿ

ಕುಳ್ಳಿರಿಸಿ ಕಟ್ಟಿದ ಹುಚ್ಚೀರಪ್ಪನ ಹೆಣವನ್ನು ನಾಲ್ವರು ಎತ್ತಿ ದೋಣಿಯೊಳಗೆ ಇಡುತ್ತಿದ್ದಂತೆಯೇ ದೋಣಿ ಒಂದು ಮಗ್ಗುಲಿಗೆ ವಾಲಿತು.

‘ಕಾಕಾನ್ನ ಹಿಡೀರಲೇ,’ ಅಂದ ಅವನ ಅಣ್ಣನ ಮಗ ಮೌನೇಶ. ಹುಚ್ಚೀರಪ್ಪನನ್ನು ಮತ್ತೆ ದಂಡೆಗೆ ತಂದರು.

ಅಂಬಿಗರ ರುದ್ರಭೂಮಿ ತುಂಗಭದ್ರೆಯ ಆಚೆ ದಂಡೆಯಲ್ಲಿತ್ತು. ಗಂಡ ತಾನೇ ಕಟ್ಟಿದ ದೋಣಿಯಲ್ಲಿ ಹೋಗಲಿ ಎಂಬುದೊಂದೇ ಸಾವಿತ್ರೆವ್ವನ ಆಸೆ.

‘ಮಲಗಿಸಿ ಒಯ್ಯರಿ,’ ಅಂದಳು. ‘ಭಾರ ಕೆಳಗಾದ್ರ ಅದು ಹೊಯ್ದಾಡೂದಿಲ್ಲ.’

‘ಕುಂದರ್ಸಿ ಒಯ್ಯೂದು ನಮ್ಮ ಪದ್ಧತಿ, ತಂಗಿ,’ ಅಂದ ಕುಲದ ಹಿರಿಯ ಸಿದ್ದಾರೂಢ. ‘ಹೆಂಗ ಮಲಗಸಾಕ ಬರತೈತಿ? ತೆಪ್ಪ ತರ್ರಿ.’

*

ಆಚೆ ದಂಡೆಯ ಗಂಡನ ಮನೆಯಲ್ಲಿ ಮಗಳು ರಾಮವ್ವನಿಗೆ ಹೆರಿಗೆ ನೋವೆದ್ದಾಗ, ಈಚೆಯ ಮುಂಡರಗಿ ಆಸ್ಪತ್ರೆಗೆ ಒಯ್ಯಲು ಹುಚ್ಚೀರಪ್ಪ ತೆಪ್ಪ ಹಾಕಿದ್ದ. ಹೊಳೆ ತುಂಬಿತ್ತು. ದುಂಡನೆಯ ಚಪ್ಪಟೆ ತಳದ ತೆಪ್ಪ ಮಗುಚುವ ಮಾತೇ ಇಲ್ಲ. ಆದರೆ ನೀರನ್ನು ಸೀಳಲಾರದು, ಗಾಳಿ ತಳ್ಳಿದತ್ತ ತಿರುಗುತ್ತದೆ. ಅಂದೂ ಗಿರಗಿರನೆ ತಿರುಗಿತು. ನಡುನೀರಿನಲ್ಲೇ ರಾಮವ್ವನ ನರಳಾಟ ನಿಂತುಹೋಯಿತು.

ಆಮೇಲೆ ಅವನು ತೆಪ್ಪ ಹೆಣೆಯಲಿಲ್ಲ. ಕಿರಿದಾದ, ಚೂಪು ತಳದ ಈ ಹಲಗೆ ದೋಣಿ ಕಟ್ಟಿದ. ಅದು ನೀರು ಸೀಳಿ ನೆಟ್ಟಗೆ ಓಡುತ್ತಿತ್ತು. ಆದರೆ ಕಾಲಿಟ್ಟರೆ ಸಾಕು, ವಾಲುತ್ತಿತ್ತು. ಕುರಿ, ಬೈಕು ಸಮೇತ ನಿಂತುಕೊಂಡೇ ಹೊಳೆ ದಾಟುವ ಜನ ನಕ್ಕು, ಬೇರೆಯವರ ತೆಪ್ಪದ ಕಡೆ ನಡೆದರು.

‘ನೀನಾರ ಒಮ್ಮಿ ಹತ್ತ,’ ಅಂದಿದ್ದ ಹೆಂಡತಿಗೆ. ‘ತಳದಾಗ, ನಡುವ ಕುಂದ್ರು. ಏಳಬ್ಯಾಡ, ಅಷ್ಟ.’

‘ನಾ ಒಲ್ಲೆ. ಮಗಳ್ನ ಹೊಳಿಗೆ ಕೊಟ್ಟದ್ದು ಸಾಕು.’

ಅವನು ಮತ್ತೆ ಕೇಳಲಿಲ್ಲ. ಒಬ್ಬನೇ ಮೀನು ಹಿಡಿಯುತ್ತ, ವರ್ಷವರ್ಷ ದೋಣಿಗೆ ಡಾಂಬರು ಬಳಿಯುತ್ತ ಮುದುಕನಾದ.

*

ತೆಪ್ಪದಲ್ಲಿ ಹುಚ್ಚೀರಪ್ಪನನ್ನು ಕೂಡಿಸಿದರು. ಅದು ಅಲುಗಲೂ ಇಲ್ಲ.

‘ನೋಡು, ಎಷ್ಟ ಆರಾಮ ಕುಂತಾನ,’ ಅಂದ ಸಿದ್ದಾರೂಢ. ಸಮಾಧಾನಕ್ಕೆಂದೇ ಆಡಿದ ಮಾತು. ಸಾವಿತ್ರೆವ್ವ ತೆಪ್ಪಕ್ಕೆ ಬೆನ್ನು ಮಾಡಿ ನಿಂತಳು.

‘ಬಾ ಕಾಕಿ, ಜಗಾ ಐತಿ,’ ಅಂದ ಮೌನೇಶ.

‘ತೆಪ್ಪದಾಗ ಬರೂದಿಲ್ಲ. ನೀವ ಹೋಗ್ರಿ.’

ತೆಪ್ಪ ದೂರವಾಯಿತು. ಅವಳು ಸೀರೆ ಎತ್ತಿಕಟ್ಟಿ, ಗೂಟಕ್ಕೆ ಬಿಗಿದಿದ್ದ ದೋಣಿಗೆ ಹತ್ತಿದಳು. ಅದು ಜೋರಾಗಿ ಹೊಯ್ದಾಡಿತು. ಜೀವ ಕೈಯಲ್ಲಿ ಹಿಡಿದು ತಳದ ನಡುವೆ ಕುಸಿದು ಕುಳಿತಳು. ಹೊಯ್ದಾಟ ನಿಂತಿತು. ಅವನು ಹೇಳಿದ್ದು ನಿಜವಾಗಿತ್ತು, ಈಗ ಯಾರಿಗೆ ಹೇಳುವುದು?

ಬಾಗಿದ ಬೆನ್ನಿನ ಅವಳಿಗೆ ಮಗ್ಗುಲ ಹಲಗೆ ಕಣ್ಣಿಗೆ ಅಡ್ಡವಾಯಿತು. ತೆಪ್ಪ ಕಾಣಲಿಲ್ಲ, ಆಚೆ ದಂಡೆಯೂ ಕಾಣಲಿಲ್ಲ. ಹೆಣದ ಜೊತೆ ಹೋದ ಭಜನೆಯವರ ತಾಳ ಮಾತ್ರ ನೀರಿನ ಮೇಲಿಂದ ಕೇಳುತ್ತಿತ್ತು. ಅವನನ್ನು ಕೊನೆಯದಾಗಿ ನೋಡಬೇಕೆಂದರೆ ಎದ್ದು ನಿಲ್ಲಬೇಕಿತ್ತು.

ತಾಳ ನಿಂತಿತು. ಅವನನ್ನು ಕುಣಿಗೆ ಇಳಿಸುತ್ತಿರಬೇಕು. ಸಾವಿತ್ರೆವ್ವ ತಳದ ಹಲಗೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕುಳಿತೇ ಇದ್ದಳು.